ಮಾತ್ರೆ ನುಂಗಿದ್ದು ಅಮ್ಮ, ಕಬ್ಬಿಣ ಉಂಡಿದ್ದು ಯಾರು?

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮ ಮನೆಯಿಂದ ಅಡಿಕೆ ತೋಟಕ್ಕೆ ಇಳಿಯಲು 22 ಕಲ್ಲಿನ ಮೆಟ್ಟಿಲುಗಳಿವೆ. ಹುಲ್ಲಿನ ಹೊರೆ ಹೊತ್ತು ಒಂದೇ ಉಸಿರಿಗೆ ಅದನ್ನು ಹತ್ತುತ್ತಿದ್ದ ಅಮ್ಮ, ಅವತ್ತು ಬರಿಗೈಯಲ್ಲಿ ಬರುತ್ತಾ ಮಧ್ಯದಲ್ಲೇ ಕೂತುಬಿಟ್ಟಳು. ಏನಾಯ್ತು ಅಂದರೆ, "ಸುಸ್ತು ಕಣೋ, ವಯಸ್ಸಾಯ್ತಲ್ಲ" ಅಂದಳು.

ಅಮ್ಮನಿಗೆ 49 ವರ್ಷ. ಆಫೀಸಿನಲ್ಲಿ ನನ್ನ ಮ್ಯಾನೇಜರಿಗೆ 51. ಅವರು ಭಾನುವಾರ ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡಿ, ಫೋಟೋ ಹಾಕುತ್ತಾರೆ. ವಯಸ್ಸು ಅನ್ನೋ ಕಾರಣ ಯಾಕೋ ಒಪ್ಪಿಗೆಯಾಗಲಿಲ್ಲ.

ಹಾಗಂತ ಅಮ್ಮನಿಗೆ ರಕ್ತ ಕಡಿಮೆ ಇದೆ ಅನ್ನೋದು ನಮಗೆ ಗೊತ್ತಿರದ ವಿಷಯವೇನಲ್ಲ. ಮೂರು ವರ್ಷದಿಂದ ಕಬ್ಬಿಣದ ಮಾತ್ರೆ ನಡೆಯುತ್ತಲೇ ಇತ್ತು. ಪ್ರತಿ ಸಲ ಹಿಮೋಗ್ಲೋಬಿನ್ ಕಡಿಮೆ ಬಂದಾಗ ನಾನು ಬೆಂಗಳೂರಿನಿಂದ ಫೋನ್ ಮಾಡಿ, "ಮಾತ್ರೆ ಸರಿಯಾಗಿ ತಗೊಳ್ತಾ ಇಲ್ಲ ನೀನು" ಅಂತ ಬೈಯುತ್ತಿದ್ದೆ. "ತಗೊಂಡಿದೀನಿ ಮಾರಾಯ" ಅಂತ ಅಮ್ಮ. ನಾನು ನಂಬುತ್ತಿರಲಿಲ್ಲ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಏರುತ್ತೆ, ಇಳಿಯುತ್ತೆ

ಅವತ್ತು ರಾತ್ರಿ ವಾಟ್ಸಾಪಿನಲ್ಲಿ ಬಿದ್ದಿದ್ದ ಹಳೆಯ ರಿಪೋರ್ಟುಗಳನ್ನೆಲ್ಲ ಹುಡುಕಿ ಸಾಲಾಗಿ ಬರೆದುಕೊಂಡೆ. 8.1, 10.2, 8.4, 10, ಕೊನೆಯದು 7.8. ಮಾತ್ರೆ ತಗೊಂಡಾಗ ಹಿಮೋಗ್ಲೋಬಿನ್ ಏರಿದೆ, ಕೋರ್ಸ್ ಮುಗಿದ ಮೇಲೆ ಇಳಿದಿದೆ. ಅಂದರೆ ಅಮ್ಮ ಸುಳ್ಳು ಹೇಳಿರಲಿಲ್ಲ, ಮಾತ್ರೆ ಕೆಲಸ ಮಾಡುತ್ತಿತ್ತು. ತುಂಬಿದ ಮೇಲೆ ಎಲ್ಲೋ ಸೋರುತ್ತಿತ್ತು. ಕೋಡ್ ಬರೆಯುವವರಿಗೆ ಈ ಥರದ ಗ್ರಾಫ್ ಹೊಸದಲ್ಲ: ಸರ್ವರ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ, ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಆಗ ನಾವು ರೀಸ್ಟಾರ್ಟ್ ಮಾಡುವುದು ಬಿಟ್ಟು ಲೀಕ್ ಎಲ್ಲಿದೆ ಅಂತ ಹುಡುಕುತ್ತೇವೆ. ಅಮ್ಮನ ವಿಷಯದಲ್ಲಿ ಮೂರು ವರ್ಷ ಬರೀ ರೀಸ್ಟಾರ್ಟ್ ಮಾಡಿದ್ದೆವು.

ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಎಲ್ಲ ರಿಪೋರ್ಟುಗಳಲ್ಲೂ 'ಇಯೊಸಿನೊಫಿಲ್' ಎನ್ನುವ ಬಿಳಿ ರಕ್ತಕಣ ಶೇಕಡಾ 13ರಿಂದ 15ರಷ್ಟಿತ್ತು. ಸಾಮಾನ್ಯವಾಗಿ ಇದು 5–6 ದಾಟಬಾರದು. ಪಕ್ಕದಲ್ಲೇ ಜಾಸ್ತಿ ಇದೆ ಅಂತ ಗುರುತೂ ಹಾಕಿದ್ದರು. ಅಲರ್ಜಿ, ಅಸ್ತಮಾ ಇದ್ದರೂ ಇದು ಏರುತ್ತದೆ. ದೇಹದೊಳಗೆ ಹುಳು ಸೇರಿಕೊಂಡಿದ್ದರೂ ಏರುತ್ತದೆ. ಅಲ್ಲಿಯವರೆಗೆ ರಿಪೋರ್ಟ್ ನೋಡಿದವರು ಯಾರೂ ಆ ಸಾಲಿನ ಬಗ್ಗೆ ಮಾತಾಡಿರಲಿಲ್ಲ. ನಾನೂ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಫೋನ್ ಮಡಚಿಡುತ್ತಿದ್ದೆ.

ಮರುದಿನ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ರಿಪೋರ್ಟ್ ನೋಡುವ ಮೊದಲೇ ಅಮ್ಮನ ಪಾದ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ತೋಟಕ್ಕೆ ಚಪ್ಪಲಿ ಹಾಕ್ಕೊಂಡು ಹೋಗ್ತೀರೇನಮ್ಮ?" ಅಮ್ಮ ನಕ್ಕಳು. "ತೋಟಕ್ಕೆ ಯಾರು ಚಪ್ಪಲಿ ಹಾಕ್ತಾರೆ ಡಾಕ್ಟ್ರೇ?"

ಮಲಪರೀಕ್ಷೆಗೆ ಬರೆದುಕೊಟ್ಟರು. ಮೊದಲ ಸಲ ಏನೂ ಸಿಗಲಿಲ್ಲ. "ಒಂದು ಸಲಕ್ಕೆ ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ, ಬೇರೆ ಬೇರೆ ದಿನ ಮೂರು ಸಲ ನೋಡಬೇಕು, ಸ್ಯಾಂಪಲ್ ತಾಜಾ ಇರಬೇಕು" ಅಂದರು. ಎರಡನೇ ಸಲ ಸಿಕ್ಕಿತು. ಕೊಕ್ಕೆಹುಳುವಿನ ಮೊಟ್ಟೆ.

ಪಾದದಿಂದ ಕರುಳಿಗೆ

ಕೊಕ್ಕೆಹುಳು ಒಂದು ಸೆಂಟಿಮೀಟರ್ ಆಸುಪಾಸಿನ ಸಣ್ಣ ಹುಳು. ಆದರೆ ಅದು ಬರುವ ದಾರಿ ಕೇಳಿದರೆ ಮೈ ಜುಂ ಅನ್ನುತ್ತೆ. ಸೋಂಕಿದ್ದವರ ಮಲದ ಜೊತೆ ಮೊಟ್ಟೆ ಮಣ್ಣು ಸೇರುತ್ತದೆ. ನೆರಳು, ತೇವ, ಬೆಚ್ಚಗಿನ ವಾತಾವರಣ ಸಿಕ್ಕರೆ ಒಂದೆರಡು ದಿನದಲ್ಲಿ ಮರಿಯಾಗುತ್ತದೆ. ಐದರಿಂದ ಹತ್ತು ದಿನದೊಳಗೆ ಚರ್ಮ ಕೊರೆಯಲು ಸಿದ್ಧ. ಒಳ್ಳೆಯ ಜಾಗವಾದರೆ ಮೂರ್ನಾಲ್ಕು ವಾರ ಕಾದು ಕೂರುತ್ತದೆ. ಸೊಪ್ಪು, ದರಕು ಹಾಸಿದ ಅಡಿಕೆ ತೋಟಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ ಹೇಳಿ!

ಬರಿಗಾಲು ತಾಗಿದ ಕೂಡಲೇ ಮರಿ ಚರ್ಮದೊಳಗೆ ಇಳಿಯುತ್ತದೆ. ಅಲ್ಲಿ ಸ್ವಲ್ಪ ತುರಿಕೆ, ಕೆಂಪು ಗುಳ್ಳೆ. ಮಳೆಗಾಲದಲ್ಲಿ ಕೆಸರಿಗೆ ಕಾಲು ತುರಿಸುವುದು ಮಲೆನಾಡಿನಲ್ಲಿ ಮಾಮೂಲಿ, ಎಲ್ಲ ತುರಿಕೆಯೂ ಕೊಕ್ಕೆಹುಳುವಿನದ್ದಲ್ಲ. ಆದ್ದರಿಂದಲೇ ಇದು ಯಾರ ಗಮನಕ್ಕೂ ಬರುವುದಿಲ್ಲ. ಅಲ್ಲಿಂದ ರಕ್ತದಲ್ಲಿ ಹರಿದು ಶ್ವಾಸಕೋಶ ಸೇರಿ, ಗಂಟಲವರೆಗೆ ಹತ್ತಿ, ಎಂಜಲಿನ ಜೊತೆ ನುಂಗಿಸಿಕೊಂಡು ಸಣ್ಣಕರುಳಿಗೆ ಬರುತ್ತದೆ. ಅಲ್ಲಿ ಕಚ್ಚಿಕೊಂಡು ಸಂಸಾರ ಹೂಡಿದರೆ ವರ್ಷಗಟ್ಟಲೆ ಇರಬಲ್ಲದು.

ಈ ದಾರಿ ಪತ್ತೆಯಾಗಿದ್ದೇ ಒಂದು ಎಡವಟ್ಟಿನಿಂದ. 19ನೇ ಶತಮಾನದ ಕೊನೆಗೆ ಈಜಿಪ್ಟಿನಲ್ಲಿದ್ದ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ, ಪ್ರಯೋಗ ಮಾಡುವಾಗ ಕೊಕ್ಕೆಹುಳು ಮರಿಗಳಿದ್ದ ನೀರನ್ನು ಕೈಮೇಲೆ ಚೆಲ್ಲಿಕೊಂಡ. ಕೈ ಉರಿಯಿತು, ಕೆಂಪಾಯಿತು. ಆತ ಸುಮ್ಮನಾಗಲಿಲ್ಲ, ತನ್ನದೇ ಮಲವನ್ನು ಪರೀಕ್ಷೆ ಮಾಡುತ್ತಾ ಹೋದ. ಕೆಲವು ವಾರ ಕಳೆದ ಮೇಲೆ ಅದರಲ್ಲಿ ಮೊಟ್ಟೆಗಳು ಕಂಡವು. ಬಾಯಿಂದ ಮಾತ್ರ ಬರುತ್ತದೆ ಅಂದುಕೊಂಡಿದ್ದ ಹುಳು ಚರ್ಮದಿಂದಲೂ ಬರುತ್ತದೆ ಎಂದು ಜಗತ್ತಿಗೆ ಗೊತ್ತಾಗಿದ್ದು ಹೀಗೆ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಡ ರೈತರನ್ನು ಒಂದು ಕಾಲದಲ್ಲಿ ಸೋಮಾರಿಗಳು ಅಂತ ಆಡಿಕೊಳ್ಳುತ್ತಿದ್ದರು. ಅವರ ಹೊಟ್ಟೆಯಲ್ಲಿದ್ದದ್ದು ಇದೇ ಹುಳು. ಪತ್ರಿಕೆಗಳು ಇದಕ್ಕೆ 'ಸೋಮಾರಿತನದ ರೋಗಾಣು' ಅಂತಲೇ ಹೆಸರಿಟ್ಟವು. 1909ರಲ್ಲಿ ರಾಕ್‌ಫೆಲರ್ ಹತ್ತು ಲಕ್ಷ ಡಾಲರ್ ಕೊಟ್ಟು ಇದನ್ನು ಓಡಿಸಲು ಒಂದು ಆಯೋಗವನ್ನೇ ಮಾಡಿಸಿದರು. ಇದನ್ನು ಓದುವಾಗ ಅಪ್ಪನ ಮಾತು ನೆನಪಾಯಿತು: "ಅವಳದ್ದು ಈಗೀಗ ಹಂಗೇ, ಎರಡು ಹೆಜ್ಜೆ ಹಾಕಿದ್ರೆ ಕೂತ್ಕೊಳ್ತಾಳೆ."

ಲೆಕ್ಕ ಮಾಡಿದರೆ ಗಾಬರಿಯಾಗುತ್ತೆ

ಮನುಷ್ಯನಿಗೆ ಬರುವ ಕೊಕ್ಕೆಹುಳುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಆಂಕೈಲೊಸ್ಟೋಮ ಎಂಬುದು ದಿನಕ್ಕೆ ಹುಳುವೊಂದಕ್ಕೆ ಸುಮಾರು 0.15 ಮಿಲಿಲೀಟರ್ ರಕ್ತ ಕಳೆಯುತ್ತದೆ. ನೆಕೇಟರ್ ಎಂಬುದು 0.03 ಮಿಲಿಲೀಟರ್. ತೀರಾ ಕಡಿಮೆ, ನಿಜ. ಆದರೆ ಮೊದಲ ಜಾತಿಯ 40 ಹುಳುಗಳಿವೆ ಅಂದುಕೊಳ್ಳಿ. ದಿನಕ್ಕೆ 6 ಮಿಲಿಲೀಟರ್. ಎರಡು ತಿಂಗಳಿಗೆ 360. ರಕ್ತದಾನ ಮಾಡಿದಾಗ ನಮ್ಮಿಂದ ತೆಗೆಯುವುದು 350 ಮಿಲಿಲೀಟರ್. ಹೆಂಗಸರು ಒಮ್ಮೆ ರಕ್ತ ಕೊಟ್ಟರೆ ಮತ್ತೆ ಕೊಡಲು ನಾಲ್ಕು ತಿಂಗಳು ಕಾಯಬೇಕು ಎನ್ನುವುದು ನಮ್ಮಲ್ಲಿರುವ ನಿಯಮ. ಈ ಹುಳುಗಳು ಎರಡೇ ತಿಂಗಳಿಗೊಮ್ಮೆ ಒಂದು ಬಾಟಲಿ ವಸೂಲಿ ಮಾಡುತ್ತವೆ, ಬಿಸ್ಕತ್ತು ಜ್ಯೂಸ್ ಕೂಡ ಕೊಡದೆ.

ಈಗ ಜಮೆಯ ಕಡೆ ನೋಡೋಣ. ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. 6 ಮಿಲಿಲೀಟರ್ ಹೋದರೆ 3 ಮಿಲಿಗ್ರಾಂ ಹೋಯಿತು. ಕರುಳಿನ ಮುಂದಿನ ಭಾಗ ಇದರಲ್ಲಿ ಒಂದಷ್ಟನ್ನು ವಾಪಸ್ ಹೀರಿಕೊಳ್ಳುತ್ತದೆ, ಎಲ್ಲವನ್ನೂ ಅಲ್ಲ. ನಾವು ದಿನವಿಡೀ ತಿಂದ ಊಟದಿಂದ ದೇಹಕ್ಕೆ ಸೇರುವ ಕಬ್ಬಿಣ ಸಾಮಾನ್ಯವಾಗಿ ಒಂದರಿಂದ ಎರಡು ಮಿಲಿಗ್ರಾಂ ಮಾತ್ರ. ತಟ್ಟೆಯಲ್ಲಿ ಎಷ್ಟೇ ಇದ್ದರೂ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಸೊಪ್ಪು, ಕಾಳಿನ ಕಬ್ಬಿಣ ಮಾಂಸದ್ದಕ್ಕಿಂತ ಇನ್ನೂ ಕಡಿಮೆ ಹೀರಿಕೆಯಾಗುತ್ತದೆ. ಇದರ ಮೇಲೆ ನಮ್ಮ ಮನೆಯ ಪದ್ಧತಿ: ಊಟವಾದ ಕೂಡಲೇ ಒಂದು ಲೋಟ ಕಾಫಿ. ಕಾಫಿ, ಟೀ ಎರಡೂ ಕಬ್ಬಿಣದ ಹೀರಿಕೆಗೆ ಅಡ್ಡಗಾಲು ಹಾಕುತ್ತವೆ. ಅಮ್ಮ ಮಾತ್ರೆ ನುಂಗುತ್ತಿದ್ದದ್ದೂ ಕಾಫಿ ಜೊತೆಗೇ!

ಇನ್ನೊಂದು ವಿಷಯ. ಕಬ್ಬಿಣ ಹೀರಿಕೆಯಾಗುವುದು ಮುಖ್ಯವಾಗಿ ಸಣ್ಣಕರುಳಿನ ಮೊದಲ ಭಾಗದಲ್ಲಿ. ಕೊಕ್ಕೆಹುಳು ಕಚ್ಚಿಕೊಳ್ಳುವುದೂ ಸಣ್ಣಕರುಳಿನ ಮೇಲ್ಭಾಗದಲ್ಲೇ. ರಕ್ತದ ಜೊತೆ ಪ್ರೋಟೀನ್ ಕೂಡ ಸೋರುತ್ತದೆ. ಹುಳುಗಳು ಜಾಸ್ತಿಯಿದ್ದು ವರ್ಷಗಳಾದರೆ ಕಾಲು, ಮುಖ ಊದಿಕೊಳ್ಳುವುದು ಇದರಿಂದಲೇ.

ಎಲ್ಲ ಹುಳುಗಳೂ ಒಂದೇ ಥರ ಕದಿಯೋದಿಲ್ಲ

ಸಣ್ಣಕರುಳು ಸುಮಾರು ಆರು ಮೀಟರ್ ಉದ್ದದ ಕೊಳವೆ. ಒಳಗಡೆ ನುಣುಪಾಗಿಲ್ಲ, ಟರ್ಕಿ ಟವೆಲಿನ ಹಾಗೆ ಲಕ್ಷಾಂತರ ಸಣ್ಣ ಎಳೆಗಳಿವೆ. ಇವುಗಳಿಗೆ ವಿಲೈ ಅಂತಾರೆ. ಊಟದ ಸತ್ವ ರಕ್ತಕ್ಕೆ ದಾಟುವುದು ಇಲ್ಲೇ. ಕೊಕ್ಕೆಹುಳು ರಕ್ತವನ್ನೇ ಹೀರಿದರೆ, ಬೇರೆ ಕೆಲವು ಜೀವಿಗಳು ಈ ಟವೆಲನ್ನೇ ಹಾಳು ಮಾಡುತ್ತವೆ.

ಅದರಲ್ಲಿ ಮುಖ್ಯವಾದದ್ದು ಜಿಯಾರ್ಡಿಯಾ. ಇದು ಹುಳುವಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿ. ಸೂಕ್ಷ್ಮದರ್ಶಕದ ಪಿತಾಮಹ ಲೇವೆನ್‌ಹುಕ್ 1681ರಲ್ಲೇ ತನ್ನ ಭೇದಿಯಲ್ಲಿ ಇದನ್ನು ನೋಡಿದ್ದ. ಕೊಳಕು ನೀರಿನಿಂದ ಬರುತ್ತದೆ. ಕರುಳಿನ ಗೋಡೆಗೆ ಬಟ್ಟಲಿನಂತೆ ಅಂಟಿಕೊಂಡು ವಿಲೈಗಳನ್ನು ಮೊಂಡು ಮಾಡುತ್ತದೆ. ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಇರುವುದು ಆ ಎಳೆಗಳ ತುದಿಯಲ್ಲಿ. ತುದಿ ಹೋದರೆ ಅದೂ ಹೋಯಿತು.

ನನ್ನ ಟೀಮಿನ ಹುಡುಗನೊಬ್ಬ ಘಟ್ಟದಲ್ಲಿ ಟ್ರೆಕ್ಕಿಂಗ್ ಹೋಗಿ ಹಳ್ಳದ ನೀರು ಕುಡಿದು ಬಂದ. ಎರಡು ವಾರ ಹೊಟ್ಟೆಯುಬ್ಬರ, ಕೊಳೆತ ಮೊಟ್ಟೆ ವಾಸನೆಯ ತೇಗು, ನೀರಿನಲ್ಲಿ ತೇಲುವ ಜಿಡ್ಡು ಮಲ. ಐದು ಕೆಜಿ ಇಳಿದ. ತೂಕ ಇಳಿಯಿತಲ್ಲ ಅಂತ ಜಿಮ್ಮಿನ ವೇ ಪ್ರೋಟೀನನ್ನು ಡಬಲ್ ಮಾಡಿದ. ಅದು ಹಾಲಿನಿಂದಲೇ ಮಾಡಿದ ಪುಡಿ, ಹೊಟ್ಟೆ ಇನ್ನೂ ಕೆಟ್ಟಿತು. ಜಿಡ್ಡು ತೇಲುತ್ತಿದೆ ಅಂದರೆ ಕೊಬ್ಬು ಹೀರಿಕೆಯಾಗುತ್ತಿಲ್ಲ ಅಂತ ಅರ್ಥ. ಕೊಬ್ಬಿನ ಜೊತೆ ಸೇರಿಕೊಂಡೇ ದೇಹಕ್ಕೆ ಬರುವ ಎ, ಡಿ, ಇ, ಕೆ ವಿಟಮಿನ್‌ಗಳೂ ಅದರ ಜೊತೆ ಹೊರಟವು. ಚಿಕಿತ್ಸೆಯಾದ ಮೇಲೂ ಹಾಲು ಒಗ್ಗಲು ಅವನಿಗೆ ಒಂದೂವರೆ ತಿಂಗಳು ಬೇಕಾಯಿತು. ಕರುಳಿನ ಎಳೆಗಳು ಮತ್ತೆ ಬೆಳೆಯುತ್ತವೆ, ಸ್ವಲ್ಪ ಸಮಯ ಕೊಡಬೇಕು ಅಷ್ಟೇ.

ಮೂರನೇ ಗುಂಪು ನಮ್ಮ ಊಟಕ್ಕೇ ಪಾಲು ಕೇಳುವವರು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ದುಂಡುಹುಳು ಇದಕ್ಕೆ ಉದಾಹರಣೆ. ಒಂದು ಅಡಿಯವರೆಗೂ ಬೆಳೆಯುತ್ತದೆ. ಹೆಣ್ಣು ಹುಳು ದಿನಕ್ಕೆ ಎರಡು ಲಕ್ಷ ಮೊಟ್ಟೆ ಇಡುತ್ತದೆ. ಮಣ್ಣು ಮೆತ್ತಿದ ಕೈ, ತೊಳೆಯದ ಸೊಪ್ಪು ತರಕಾರಿ ಇದರ ವಾಹನ. ದುಂಡುಹುಳು ಇದ್ದ ಮಕ್ಕಳಲ್ಲಿ ವಿಟಮಿನ್ ಎ ಹೀರಿಕೆ ಕಡಿಮೆಯಾಗುತ್ತದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1970ರ ದಶಕದಲ್ಲೇ ತೋರಿಸಿದ್ದರು. ಇನ್ನು ಹಸಿ ಮೀನಿನಿಂದ ಬರುವ ಒಂದು ಲಾಡಿಹುಳುವಂತೂ ಬಿ12 ವಿಟಮಿನ್ನನ್ನೇ ಕಬಳಿಸುತ್ತದೆ. ಫಿನ್ಲೆಂಡಿನಲ್ಲಿ ಒಂದು ಕಾಲದಲ್ಲಿ ಇದರಿಂದ ರಕ್ತಹೀನತೆ ಬರುತ್ತಿತ್ತು. ನಮ್ಮ ಕಡೆ ಅದರ ಕಾಟವಿಲ್ಲ.

ಇವೆಲ್ಲದರ ಜೊತೆ ಹಸಿವು ಕಡಿಮೆಯಾಗುವುದೂ ಇದೆ. ಊಟ ಕಡಿಮೆ, ತಿಂದದ್ದರಲ್ಲಿ ಹೀರಿಕೆ ಕಡಿಮೆ, ಹೀರಿದ್ದರಲ್ಲಿ ಸೋರಿಕೆ. ಬೆಳೆಯುವ ಮಕ್ಕಳಿಗೆ ಇದು ಮೂರು ಕಡೆಯ ಪೆಟ್ಟು.

ಕೂಲಿಯವರಲ್ಲ, ನಮ್ಮದೇ ಗುಂಡಿ

ಮನೆಗೆ ಬಂದು ವಿಷಯ ಹೇಳಿದಾಗ ಅಪ್ಪನ ಮೊದಲ ಮಾತು: "ಕೊಯ್ಲಿಗೆ ಬರೋ ಜನ ತೋಟದ ಬದಿಗೇ ಹೋಗ್ತಾರೆ, ಅದಕ್ಕೇ ಆಗಿದ್ದು." ನನಗೂ ಹಾಗೇ ಅನ್ನಿಸಿತ್ತು. ಬೇರೆಯವರ ತಲೆಗೆ ಕಟ್ಟುವುದು ಸುಲಭ ನೋಡಿ. ಆದರೆ ಅವರಿಗೆ ಹೋಗಲು ನಾವು ಬೇರೆ ಜಾಗ ಕೊಟ್ಟಿದ್ದೆವಾ? ಇಲ್ಲ.

ಅಷ್ಟೇ ಅಲ್ಲ. ನಮ್ಮ ಶೌಚಾಲಯದ ಗುಂಡಿ ಇರುವುದು ತೋಟದ ನೆತ್ತಿಯ ಮೇಲೆ. ಅಜ್ಜನ ಕಾಲದ್ದು, ಒಂದು ಕಡೆಯ ಕಲ್ಲು ಜರಿದಿದೆ. ಜುಲೈ ಮಳೆಗೆ ಅದು ತುಂಬಿ ಕಾದಿಗೆಗೆ ಇಳಿಯುತ್ತೆ. ಅಮ್ಮ ದಿನಾ ಹುಲ್ಲು ಕೊಯ್ಯುವುದು ಅದೇ ಕಾದಿಗೆಯ ಪಕ್ಕ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಅಂದಿದ್ದರು ಡಾಕ್ಟರು. ಅಪ್ಪನಿಗೂ ಮೊಟ್ಟೆ ಸಿಕ್ಕಿತು. ಆದರೆ ಅಪ್ಪನ ಹಿಮೋಗ್ಲೋಬಿನ್ 13.4. ಅದೇ ತೋಟ, ಅದೇ ಬರಿಗಾಲು, ಅಮ್ಮ ಮಾತ್ರ ಯಾಕೆ ಕುಸಿದಳು?

ಹುಳು ಎಲ್ಲರ ಹೊಟ್ಟೆಯಲ್ಲೂ ಒಂದೇ ಸಂಖ್ಯೆಯಲ್ಲಿ ಇರುವುದಿಲ್ಲ, ಅದು ಒಂದು. ಮುಖ್ಯವಾದದ್ದು, ಹೆಂಗಸರ ದೇಹದಲ್ಲಿ ಕಬ್ಬಿಣದ ಕೂಡಿಟ್ಟ ಗಂಟೇ ಸಣ್ಣದು. ತಿಂಗಳ ಮುಟ್ಟು, ಹೆರಿಗೆಗಳಲ್ಲಿ ಅದು ಖರ್ಚಾಗುತ್ತಲೇ ಬಂದಿರುತ್ತದೆ. ಐಸಿಎಂಆರ್ ಲೆಕ್ಕದಲ್ಲಿ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕಾದರೆ ಹೆಂಗಸಿಗೆ 29 ಬೇಕು. ನಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುವವಳು ಅಮ್ಮ. ಹುಳು ಇಬ್ಬರ ಹೊಟ್ಟೆಯಲ್ಲೂ ಇತ್ತು, ಸಾಲ ಮೊದಲೇ ಇದ್ದದ್ದು ಅಮ್ಮನಿಗೆ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಎಲ್ಲದಕ್ಕೂ ಹುಳುವೇ ಕಾರಣ ಅಲ್ಲ. ಊಟದ ಕೊರತೆ, ಅತಿಯಾದ ಮುಟ್ಟು, ಮೂಲವ್ಯಾಧಿ, ಥಲಸ್ಸೀಮಿಯಾ, ನಡುವಯಸ್ಸಿನ ಮೇಲೆ ಕರುಳಿನ ಬೇರೆ ಕಾಯಿಲೆಗಳು, ಹೀಗೆ ಕಾರಣ ಹಲವು. ಅಮ್ಮನಿಗೂ ಡಾಕ್ಟರು ಅವನ್ನೆಲ್ಲ ನೋಡಿದ ಮೇಲೆಯೇ ನಿರ್ಧಾರಕ್ಕೆ ಬಂದರು.

1ರಿಂದ 19 ವರ್ಷದವರಿಗೆ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ ಜಂತುಹುಳು ಮಾತ್ರೆ ಕೊಡುತ್ತಾರೆ. 2015ರಿಂದ ನಡೆಯುತ್ತಿರುವ ಒಳ್ಳೆಯ ಕಾರ್ಯಕ್ರಮ, ನಿಮ್ಮ ಮನೆಯ ಮಕ್ಕಳಿಗೆ ತಪ್ಪಿಸಬೇಡಿ. ಆದರೆ ತೋಟದಲ್ಲಿ ಬರಿಗಾಲಲ್ಲಿ ದುಡಿಯುವ 49ರ ಅಮ್ಮಂದಿರು ಆ ಪಟ್ಟಿಯಲ್ಲಿಲ್ಲ. ಅವರನ್ನು ನೆನಪಿಡಬೇಕಾದವರು ನಾವು.

ನೀವೇನು ಮಾಡಬಹುದು?

- ಊರಿನಲ್ಲಿರುವ ಅಮ್ಮ, ಅತ್ತೆ, ಅಜ್ಜಿಯ ರಕ್ತಪರೀಕ್ಷೆ ರಿಪೋರ್ಟ್ ತರಿಸಿಕೊಳ್ಳಿ. ಹಿಮೋಗ್ಲೋಬಿನ್ ಜೊತೆ ಇಯೊಸಿನೊಫಿಲ್ ಸಾಲನ್ನೂ ನೋಡಿ. ಮಾತ್ರೆ ಬಿಟ್ಟ ಕೂಡಲೇ ಹಿಮೋಗ್ಲೋಬಿನ್ ಮತ್ತೆ ಇಳಿಯುತ್ತಿದ್ದರೆ, "ಯಾಕೆ ಇಳೀತಿದೆ?" ಅಂತ ಡಾಕ್ಟರನ್ನು ಕೇಳಿ.
- ಜಂತುಹುಳು ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ನುಂಗಿಸಬೇಡಿ. ಗರ್ಭಿಣಿಯಾಗಿದ್ದರೆ, ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಜಿಯಾರ್ಡಿಯಾಕ್ಕೆ ಔಷಧಿಯೇ ಬೇರೆ.
- ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ಬೇಡ. ನಿಂಬೆ ಪಾನಕ, ನೆಲ್ಲಿಕಾಯಿ ಜೊತೆ ಒಳ್ಳೆಯದು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಡಾಕ್ಟರು ಹೇಳಿದಷ್ಟು ತಿಂಗಳು ಮುಂದುವರಿಸಿ. ಗಂಟು ತುಂಬಬೇಕಲ್ಲ.
- ಟ್ರೆಕ್ಕಿಂಗ್‌ನಲ್ಲಿ ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ. ಚೆನ್ನಾಗಿ ಒಂದು ನಿಮಿಷ ಕುದ್ದರೆ ಜಿಯಾರ್ಡಿಯಾ ಸಾಯುತ್ತದೆ. ಕ್ಲೋರಿನ್ ಮಾತ್ರೆಯನ್ನು ಅದು ಅಷ್ಟು ಸುಲಭಕ್ಕೆ ಲೆಕ್ಕಕ್ಕಿಡುವುದಿಲ್ಲ.
- ಬೆಲ್ಲ, ಸಕ್ಕರೆ ತಿಂದರೆ ಹೊಟ್ಟೆಯಲ್ಲಿ ಹುಳು ಹುಟ್ಟುವುದಿಲ್ಲ. ಹುಳು ಬರುವುದು ಮಣ್ಣು, ನೀರು, ಕೈಯಿಂದ. ಮಗುವಿನ ಕೈಯಿಂದ ಬೆಲ್ಲ ಕಿತ್ತುಕೊಳ್ಳುವ ಬದಲು ಕೈ ತೊಳೆಸಿ.

ಗಂಬೂಟಿನ ಗಲಾಟೆ

ಔಷಧಿ ಕೊಟ್ಟಿದ್ದು ಸುಲಭದ ಕೆಲಸ. ಒಮ್ಮೆ ವಾಸಿಯಾದರೆ ಮತ್ತೆ ಬರದ ಕಾಯಿಲೆ ಇದಲ್ಲ. ಅದೇ ಮಣ್ಣಿಗೆ ಅದೇ ಕಾಲು ಇಟ್ಟರೆ ಮತ್ತೆ ಬರುತ್ತದೆ. ಅಮ್ಮನಿಗೆ ಗಂಬೂಟು ಹುಡುಕಲು ಹೊರಟರೆ ಅಂಗಡಿಗಳಲ್ಲಿ ಇದ್ದದ್ದೆಲ್ಲ ಗಂಡಸರ ಅಳತೆ. ಕೊನೆಗೆ ಶಿವಮೊಗ್ಗದಲ್ಲಿ ಐದನೇ ನಂಬರಿನದ್ದು ಸಿಕ್ಕಿತು. ಅಮ್ಮನ ತಕರಾರು ಬೇರೆ. "ಪಾಚಿ ಕಲ್ಲಿನ ಮೇಲೆ ಜಾರುತ್ತೆ. ಸೀರೆ ಎತ್ತಿ ಕಟ್ಟಿ ಬೂಟು ಹಾಕ್ಕೊಂಡ್ರೆ ಊರವರು ನಗ್ತಾರೆ." ಮೊದಲನೆಯದು ನಿಜ. ಮೆಟ್ಟಿಲ ಪಾಚಿ ಕೆರೆಸಿ ಸುಣ್ಣ ಹಾಕಿಸಿದೆವು. ಎರಡನೆಯದಕ್ಕೆ ಅಪ್ಪನೇ ಪರಿಹಾರ ಹುಡುಕಿದರು. ತಾವೂ ಒಂದು ಜೊತೆ ಕೊಂಡು, ಮೊದಲ ದಿನ ಅಮ್ಮನ ಮುಂದೆ ತಾವೇ ಹಾಕಿಕೊಂಡು ಇಳಿದರು.

ಗುಂಡಿಯನ್ನು ಮನೆಯ ಹಿಂದಕ್ಕೆ, ತೋಟಕ್ಕೆ ನೀರು ಇಳಿಯದ ಕಡೆಗೆ ಹೊಸದಾಗಿ ಮಾಡಿಸಿದೆವು. ಕೊಯ್ಲಿನವರಿಗೆ ಅಡಿಕೆ ಚಪ್ಪರದ ಹತ್ತಿರ ಇನ್ನೊಂದು ಶೌಚಾಲಯ. ಎಲ್ಲ ಸೇರಿ ಖರ್ಚಾಗಿದ್ದು ನನ್ನ ಕೈಯಲ್ಲಿರುವ ಫೋನಿನ ಬೆಲೆಗಿಂತ ಸ್ವಲ್ಪ ಜಾಸ್ತಿ. ಆ ಫೋನಿನಲ್ಲೇ ಮೂರು ವರ್ಷ ಅಮ್ಮನ ರಿಪೋರ್ಟುಗಳು ಓದದೆ ಬಿದ್ದಿದ್ದವು.

ನಾಲ್ಕು ತಿಂಗಳಾದ ಮೇಲೆ ಅಮ್ಮನ ಹಿಮೋಗ್ಲೋಬಿನ್ 11.6. ಇನ್ನೂ 12 ಮುಟ್ಟಬೇಕು. ಹೋದ ವಾರ ಫೋನ್ ಮಾಡಿದಾಗ ಎತ್ತಲಿಲ್ಲ. ಅರ್ಧ ಗಂಟೆ ಬಿಟ್ಟು ಅವಳೇ ಮಾಡಿದಳು. "ತೋಟದಲ್ಲಿದ್ದೆ ಕಣೋ. ಫೋನ್ ಮೇಲಿತ್ತು, ಹತ್ತಿ ಬರೋ ಹೊತ್ತಿಗೆ ಕಟ್ಟಾಯ್ತು."

"ಮಧ್ಯ ಕೂತಿದ್ಯಾ?" ಅಂತ ಕೇಳಿದೆ.

"ಯಾಕೆ ಕೂರಲಿ?" ಅಂದಳು.